ಅರ್ಧ ಕತ್ತಿ, ಅರ್ಧ ಮಂತ್ರ, ಎರಡು ಕವಡೆ

ಕೆಲವರ ಪಾಪ ನಾಲಿಗೆಯಲ್ಲಿರುತ್ತದೆ, ಕೆಲವರದು ಕಣ್ಣಿನಲ್ಲಿ. ನನ್ನದು ಬಲಗೈಯ ಉಂಗುರದ ಬೆರಳು ಮತ್ತು ಕಿರುಬೆರಳಿನ ಬುಡದಲ್ಲಿದೆ. ಅಲ್ಲಿ ಎರಡು ಕವಡೆ ಕಚ್ಚಿಕೊಂಡು, ಮಿಕ್ಕ ಎರಡನ್ನು ಮಾತ್ರ ಗಲಗಲ ಕುಲುಕಿ, ನಾಲ್ಕನ್ನೂ ಕುಲುಕಿದವನ ಮುಖ ಮಾಡಿಕೊಂಡು ನೆಲಕ್ಕೆ ಬಿಡುವ ವಿದ್ಯೆ ನನಗೆ ಎಂಟನೇ ಕ್ಲಾಸಿನಿಂದಲೇ ಬರುತ್ತದೆ. ಬೇಕಾದ ಗರ ಹತ್ತಕ್ಕೆ ಐದು ಸಲವಾದರೂ ಬೀಳುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಗಣಿತಕ್ಕಿಂತ ಇದು ವಾಸಿ. ಮದುವೆಯಾದಾಗಿನಿಂದ ಚೌಕಾಬಾರದಲ್ಲಿ ನಮ್ಮ ಮನೆಯಾಕೆ ಕಮಲಳನ್ನು ಹೀಗೆಯೇ ಸೋಲಿಸುತ್ತಾ ಬಂದಿದ್ದೇನೆ. ಇದರಿಂದ ಯಾರ ಮನಸ್ಸೂ ನೋಯುವುದಿಲ್ಲವೆಂದು ನಂಬಿಕೊಂಡಿದ್ದೆ. ಈ ಸಲದ ಅವರೆಕಾಯಿ ಕಾಲದಲ್ಲಿ ಆ ನಂಬಿಕೆ ಹೋಯಿತು.

ನಮ್ಮ ಮೊಮ್ಮಗಳು ಸಿಂಚನ ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ. ಭಾನುವಾರ ಮಧ್ಯಾಹ್ನ ಬಸವನಗುಡಿಯ ನಮ್ಮ ಮನೆಯ ಹಾಲಿನಲ್ಲಿ ಗೆಳತಿಯರನ್ನು ಕೂರಿಸಿಕೊಂಡು ಒಂದು ಆಟ ಆಡಿಸುತ್ತಾಳೆ. ಇವಳು ಕಥೆ ಹೇಳುತ್ತಾ ಹೋಗುತ್ತಾಳೆ, ಉಳಿದವರು ಕಥೆಯೊಳಗಿನ ಒಂದೊಂದು ಪಾತ್ರವಾಗುತ್ತಾರೆ. "ಗುಹೆ ಬಾಗಿಲಲ್ಲಿ ರಾಕ್ಷಸಗಪ್ಪೆ ಕೂತಿದೆ, ಏನು ಮಾಡ್ತೀಯ?" ಎಂದು ಇವಳು ಕೇಳಿದರೆ ವೀರನಾದವಳು ಕತ್ತಿ ಬೀಸುತ್ತಾಳೆ, ಮಾಂತ್ರಿಕಳಾದವಳು ಮಂತ್ರ ಹಾಕುತ್ತಾಳೆ. ಏಟು ತಗುಲಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳಬೇಕು. ಇಂಥ ಆಟಕ್ಕೆಂದೇ ಅಂಗಡಿಯಲ್ಲಿ ಸಿಗುವ ದಾಳಕ್ಕೆ ಇಪ್ಪತ್ತು ಮುಖವಂತೆ. ಇದು ತಾನೇ ಕಟ್ಟಿದ ಆಟವಾದ್ದರಿಂದ ಅವಳು ಅಜ್ಜಿಯ ಕವಡೆಗಳನ್ನು ಇಟ್ಟುಕೊಂಡಳು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂದರೆ ಎಂಟು. ಕಪ್ಪೆಗೆ ಅದೇ ದೊಡ್ಡ ಏಟು.

ಅವಳ ಗೆಳತಿ ಪಲ್ಲವಿ ಓಕಳಿಪುರಂನಿಂದ ಬರುತ್ತಾಳೆ. ಅವಳಿಗೆ ಕತ್ತಿಯೂ ಬೇಕು, ಮಂತ್ರವೂ ಬೇಕು. ಅದಕ್ಕಾಗಿ ಸಿಂಚನ ವೀರಮಾಂತ್ರಿಕಿ ಎಂಬ ಹೈಬ್ರಿಡ್ ಪಾತ್ರ ಕಟ್ಟಿದಳು. "ಇದೇ ತಾತ ಕಷ್ಟ. ಎರಡೂ ಪೂರ್ತಿ ಕೊಟ್ರೆ ಮಿಕ್ಕವರಿಗೆ ಕೆಲ್ಸ ಇರಲ್ಲ. ಅರ್ಧರ್ಧ ಕೊಟ್ರೆ ಎರಡಕ್ಕೂ ಉಪಯೋಗಕ್ಕೆ ಬರಲ್ಲ," ಎಂದಳು.

ಈ ಕಷ್ಟವನ್ನು ನನಗೆ ಬಿಡಿಸಿ ಹೇಳಬೇಕೇ? ನಾನು ಮೂವತ್ತೊಂದು ವರ್ಷ ಕ್ಲರ್ಕ್ ಕಂ ಟೈಪಿಸ್ಟ್ ಆಗಿದ್ದವನು. ಕಾಫಿಗೆ ಹೋಗುವಾಗ ಕ್ಲರ್ಕುಗಳು ನನ್ನನ್ನು ಟೈಪಿಸ್ಟ್ ಎಂದು ಬಿಟ್ಟು ಹೋಗುತ್ತಿದ್ದರು, ಟೈಪಿಸ್ಟುಗಳು ಕ್ಲರ್ಕ್ ಎಂದು ಬಿಟ್ಟು ಹೋಗುತ್ತಿದ್ದರು. ಫೈಲು ತಡವಾದ ದಿನ ಮಾತ್ರ ಎರಡು ಕಡೆಯವರೂ ನನ್ನ ಮೇಜಿನ ಸುತ್ತ ನೆರೆಯುತ್ತಿದ್ದರು. ಹಾಗಾಗಿ ವೀರಮಾಂತ್ರಿಕಿಯ ಕಥೆ ಕೇಳಿದ ಕ್ಷಣವೇ ಅವಳು ನನ್ನ ಜಾತಿಯವಳೆಂದು ಅನಿಸಿಬಿಟ್ಟಿತು.

ಪಲ್ಲವಿಗೆ ಕೊಡುವ ಮೊದಲು ಪಾತ್ರದ ಬಲ ಹೆಚ್ಚೋ ಕಡಿಮೆಯೋ ತೂಗಿ ನೋಡಬೇಕೆಂದು ಸಿಂಚನ ವಾರದ ದಿನಗಳಲ್ಲಿ ಸಂಜೆ ನನ್ನನ್ನು ಕೂರಿಸಿಕೊಂಡು ಕಪ್ಪೆಯ ಮೇಲೆ ಆಡಿಸಿದಳು. ಮೊದಲ ಸಂಜೆ ನನ್ನ ಬೆರಳುಗಳು ನನ್ನನ್ನು ಕೇಳಲೇ ಇಲ್ಲ. ಬಾರ ಬಿತ್ತು, ಮತ್ತೆ ಬಾರ ಬಿತ್ತು, ಕಪ್ಪೆ ಅಂಗಾತ ಮಲಗಿತು. ಎರಡೂ ಕೆಲಸ ಬಲ್ಲವರು ಏನು ಮಾಡಬಲ್ಲರೆಂದು ಲೋಕಕ್ಕೆ ತೋರಿಸಿದ ಹಾಗಾಯಿತು. ಸಿಂಚನ ಮಾತ್ರ "ಪವರ್ ಜಾಸ್ತಿ ಆಯ್ತು" ಎಂದು ಕತ್ತಿಯ ಬಲ ತಗ್ಗಿಸಿದಳು. ನಾನು ಮತ್ತೆ ಗೆದ್ದೆ. ಮಂತ್ರ ಮೂರಿದ್ದದ್ದು ಒಂದಾಯಿತು. ಆಗಲೂ ಗೆದ್ದೆ. ಗುರಾಣಿ ಕಿತ್ತುಕೊಂಡಳು. ನನ್ನ ಅಭಿಮಾನದಿಂದಲೇ ಆ ಹೆಣ್ಣುಮಗಳು ದಿನದಿಂದ ದಿನಕ್ಕೆ ಸೊರಗುತ್ತಿದ್ದಾಳೆಂದು ನನ್ನ ತಲೆಗೆ ಹೋಗಲಿಲ್ಲ.

ಮೂರು ಭಾನುವಾರ ಪಲ್ಲವಿ ಆ ಸೊರಗಿದ ಪಾತ್ರವನ್ನು ಆಡಿದಳು, ಮೂರು ಸಲವೂ ಕಪ್ಪೆಯ ಕೈಯಲ್ಲಿ ಸತ್ತಳು. ಮೂರನೆಯ ವಾರ ನಾನು ಪಕ್ಕದ ಕೋಣೆಯಲ್ಲಿ ಅವರೆಕಾಳು ಹಿದುಕುತ್ತಾ ಕೂತಿದ್ದೆ. ಸಿಂಚನ ರೇಗುವುದು ಕೇಳಿಸಿತು. "ನಿಂಗೆ ಆಡೋಕೆ ಬರಲ್ಲ ಕಣೇ. ಎಪ್ಪತ್ತೆರಡು ವರ್ಷದ ನಮ್ಮ ತಾತನೇ ಗೆಲ್ತಾರೆ!"

"ಹಂಗಾದ್ರೆ ನಿಮ್ಮ ತಾತನ್ನೇ ಕೂರಿಸ್ಕೋ. ಚುರುಮುರಿ ತಿಂದು ಸಾಯೋಕೆ ನಾನು ಎರಡು ಬಸ್ ಹತ್ತಿ ಬರಬೇಕಾ? ಮುಂದಿನ ವಾರದಿಂದ ಬರಲ್ಲ," ಎಂದು ಪಲ್ಲವಿ ಚಪ್ಪಲಿ ಮೆಟ್ಟಿದಳು. ನಾನು ಪಾತ್ರೆ ನೋಡಿಕೊಂಡರೆ ಅದರಲ್ಲಿ ಸಿಪ್ಪೆ ತುಂಬಿತ್ತು, ಬೇಳೆಯೆಲ್ಲ ಕಸದ ಬುಟ್ಟಿಯಲ್ಲಿತ್ತು.

ಆಮೇಲೆ ನಾನು ಕೂತಲ್ಲಿ ಕೂರಲಿಲ್ಲ. ಪಾರ್ಕಿನಲ್ಲಿ ದಿನಾ ನಾಲ್ಕು ಸುತ್ತು ಹಾಕುವವನು ಒಂಬತ್ತು ಸುತ್ತು ಹಾಕಿದೆ. ಓದಿದ ಪೇಪರನ್ನೇ ಮತ್ತೆ ಓದಿದೆ. ಬುಧವಾರ ಕಮಲ ಒಗ್ಗರಣೆ ಹಾಕುತ್ತಾ, "ಕವಡೆ ವಿಷಯ ಆ ಮಗೂಗೆ ಹೇಳ್ತೀರೋ, ನಾನೇ ಹೇಳ್ಲೋ?" ಎಂದಳು.

"ನಿನಗೆ ಗೊತ್ತಿತ್ತಾ?"

"ಎರಡು ಕವಡೆ ಸದ್ದಿಗೂ ನಾಲ್ಕು ಕವಡೆ ಸದ್ದಿಗೂ ವ್ಯತ್ಯಾಸ ಗೊತ್ತಾಗಲ್ವೇನ್ರೀ? ಮದ್ವೆ ಆದ ಹೊಸದ್ರಲ್ಲೇ ಗೊತ್ತಾಯ್ತು."

"ಮತ್ತೆ ಇಷ್ಟು ವರ್ಷ ಸುಮ್ಮನಿದ್ದೆ?"

"ಗೆದ್ದ ದಿನ ನೀವು ತರಕಾರಿ ಹೆಚ್ಚಿಕೊಡ್ತಿದ್ರಿ."

ಸಿಂಚನಳಿಗೆ ಹೇಳಿದೆ. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಅವಳಿಗೆ ಆಡೋಕೆ ಬರಲ್ಲ ಅಂದ್ಬಿಟ್ನಲ್ಲ ತಾತ," ಎಂದು ಕೂತುಬಿಟ್ಟಳು. ಆಮೇಲೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. "ನೀವೇ ಹೇಳಿ."

ಹೇಳಿದೆ. ಪಲ್ಲವಿ, "ಮೂರು ಸಲ ಸತ್ತೆ ತಾತ ನಾನು," ಎಂದಳು.

"ಗೊತ್ತಮ್ಮ."

"ಒಂದ್ಸಲ ನುಂಗೇ ಬಿಡ್ತು."

"ಗೊತ್ತು. ತಪ್ಪಾಯ್ತಮ್ಮ. ನಿನ್ನ ಆಟದಲ್ಲಿ ಏನೂ ತಪ್ಪಿರಲಿಲ್ಲ."

"ಸರಿ, ಬರ್ತೀನಿ. ಆದ್ರೆ ಆ ಕುಯ್ದು ಹಾಕಿರೋ ಪಾತ್ರಾನ ಇನ್ಮೇಲೆ ನೀವು ಆಡ್ಬೇಕು."

ಈಗ ಕವಡೆ ಕೈಯಲ್ಲಿ ಹಿಡಿಯುವಂತಿಲ್ಲ, ಸ್ಟೀಲ್ ಲೋಟದಲ್ಲಿ ಕುಲುಕಿ ಹಾಕಬೇಕು. ಸದ್ದಿಗೆ ಕಿವಿಗೊಡಲು ಕಮಲಳನ್ನು ನೇಮಿಸಿದ್ದಾರೆ. ಸಿಂಚನ ಪಲ್ಲವಿಗಾಗಿ ವೀರಮಾಂತ್ರಿಕಿಯ ಬಲವನ್ನೆಲ್ಲ ಮೊದಲು ಬರೆದಿದ್ದ ಹಾಳೆಯನ್ನೇ ಹುಡುಕಿ ತೆಗೆದಳು. ಅದರ ತೂಕ ಸರಿಯಾಗಿಯೇ ಇತ್ತು. ಪಲ್ಲವಿ ಗುರಾಣಿ ಕಳೆದುಕೊಂಡು, ಇನ್ನೇನು ಸತ್ತಳು ಎನ್ನುವಾಗ ಮೂರನೆಯ ಮಂತ್ರದಿಂದ ಕಪ್ಪೆಯನ್ನು ಕೆಡವಿ, ಕಿರುಚಿ ಸಿಂಚನಳನ್ನು ತಬ್ಬಿಕೊಂಡಳು. ನನ್ನ ಸರದಿಗೆ ಇನ್ನೊಂದು ಕಪ್ಪೆ ಬಂತು, ಎರಡನೆಯ ಗರಕ್ಕೇ ನನ್ನನ್ನು ನುಂಗಿತು. "ನೀವು ಸಾಯಲ್ಲ ತಾತ," ಎಂದಳು ಸಿಂಚನ. "ಬಾರ ಬೀಳೋವರ್ಗೂ ಹೊಟ್ಟೆಯೊಳಗೇ ಇರ್ತೀರ."

ನಾಲ್ಕು ಭಾನುವಾರದಿಂದ ಕಪ್ಪೆಯ ಹೊಟ್ಟೆಯಲ್ಲಿದ್ದೇನೆ. ಹೊರಗೆ ಅವರೆಲ್ಲ ಗುಹೆ ದಾಟಿ, ನದಿ ದಾಟಿ ಹೋಗಿಬಿಟ್ಟರು. ಲೋಟವನ್ನು ಸ್ವಲ್ಪ ಓರೆ ಹಿಡಿದರೆ ಎರಡು ಕವಡೆ ಅಂಚಿನಲ್ಲಿ ಬೋರಲು ನಿಲ್ಲುತ್ತವೆ ಎಂಬುದು ಮೊನ್ನೆ ತಿಳಿಯಿತು. ಕುಕ್ಕರ್ ಕೂಗುವ ಹೊತ್ತಿಗೆ ಹಾಕಿದರೆ ಕಮಲಳಿಗೂ ಕೇಳಿಸಲಿಕ್ಕಿಲ್ಲ. ಬೆರಳುಗಳು ಸುಮ್ಮನಿರುತ್ತಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ, ಬರೆಯುವಷ್ಟು ಹೊತ್ತಾದರೂ ಆ ಕೈಯಲ್ಲಿ ಪೆನ್ನಿರುತ್ತದೆ. ಅಡುಗೆಮನೆಯಿಂದ ಕಮಲ ಈಗಷ್ಟೇ ಕೂಗಿದಳು: "ಏನ್ರೀ, ಸದ್ದೇ ಇಲ್ಲ? ಏನ್ಮಾಡ್ತಿದೀರಿ ಅಲ್ಲಿ?"