ಮಾವನ ಕೋವಿಯ ಬಟ್ಟೆಬಿಲ್ಲೆಗಳು

ಒಂದೇ ಮನೆಯಲ್ಲಿ ಹೊಲಿಗೆ ಮಿಷನ್ನೂ ಇದ್ದು ಕೋವಿಯೂ ಇದ್ದರೆ ಎಡವಟ್ಟಾಗದ ತಿಂಗಳೇ ಇರುವುದಿಲ್ಲ. ಮಿಷನ್ನು ನನ್ನದು. ಕೊಡಿಗೇನಹಳ್ಳಿಯಲ್ಲಿ ನಮ್ಮ ಮನೆಯ ಮುಂಭಾಗದಲ್ಲೇ ಬ್ಲೌಸು ಹೊಲಿಯುತ್ತೇನೆ. ಕೋವಿ ನಮ್ಮ ಮಾವನದು. ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಅವರಪ್ಪನ ಕಾಲದಿಂದ ಲೈಸೆನ್ಸ್ ಇರುವ ಒಂಟಿನಳಿಗೆಯದು. ಬಾಯಿಯಿಂದ ಮದ್ದು ಸುರಿದು, ಗಜ ಅನ್ನುವ ಉದ್ದನೆ ಕಬ್ಬಿಣದ ಕಡ್ಡಿಯಿಂದ ಜಡಿದು, ಢಂ ಅನ್ನಿಸಬೇಕು. ಒಂದು ಸಲ ಢಂ ಅಂದರೆ ನಳಿಗೆ ತುಂಬ ಮಸಿ. ಹಾಗೇ ಬಿಟ್ಟರೆ ತುಕ್ಕು. ಅದಕ್ಕೇ ಗಜದ ತುದಿಗೆ ಗುಂಡಗೆ ಕತ್ತರಿಸಿದ ಬಟ್ಟೆಚೂರು ಸಿಕ್ಕಿಸಿ ಒಳಗೆಲ್ಲ ಒರೆಸಬೇಕು. ಮಾವ ಆ ಚೂರಿಗೆ ‘ಬಿಲ್ಲೆ’ ಅನ್ನುತ್ತಾರೆ. ಮೊದಲು ಬಿಸಿನೀರಿನ ಬಿಲ್ಲೆ, ಆಮೇಲೆ ಒಣ ಬಿಲ್ಲೆ, ಕೊನೆಗೆ ಎಣ್ಣೆ ಬಿಲ್ಲೆ. ನಮ್ಮ ಕೋವಿ ಢಂ ಅನ್ನುವುದು ವರ್ಷಕ್ಕೆ ನಾಲ್ಕು ಸಲ, ಮಾವ ಅದನ್ನು ಒರೆಸುವುದು ವಾರಕ್ಕೆ ಎರಡು ಸಲ. ಇಷ್ಟೊಂದು ಬಿಲ್ಲೆಗೆ ಬಟ್ಟೆ ಎಲ್ಲಿಂದ ಬರಬೇಕು ಹೇಳಿ?

೧. ಅಳತೆ ಬ್ಲೌಸು

ಮಾವನಿಗೆ ಹೊಸ ಬಟ್ಟೆ ಹಿಡಿಸದು. ಗಂಜಿ ಇರುತ್ತೆ, ನೀರು ಕುಡಿಯಲ್ಲ ಅಂತ ತಕರಾರು. ನೂರು ಸಲ ಒಗೆದು ಮೆತ್ತಗಾದ ಅಪ್ಪಟ ಹತ್ತಿಯೇ ಬೇಕು. ಅಂಥದ್ದು ನನ್ನ ಅಂಗಡಿಯಲ್ಲಿ ಇದ್ದದ್ದು ಒಂದೇ, ಹೈಸ್ಕೂಲಿನ ಹೆಡ್‌ಮೇಡಂ ಕೊಟ್ಟಿದ್ದ ಅಳತೆ ಬ್ಲೌಸು. ಅಷ್ಟು ಚೆನ್ನಾಗಿ ಮೈಗೆ ಕೂತದ್ದು ಇನ್ನೊಂದಿಲ್ಲ ಅಂತ ಹದಿನೈದು ವರ್ಷದಿಂದ ಕಾಪಾಡಿಕೊಂಡು ಬಂದಿದ್ದರು. “ಇದು ಕಳೆದ್ರೆ ನಾನೇ ಕಳೆದುಹೋದ ಹಾಗೆ ಕಣಮ್ಮ” ಅಂತ ಹೇಳಿಯೇ ಕೊಟ್ಟಿದ್ದರು.

ನಾನು ದಾರ ತರಲು ಮಧುಗಿರಿಗೆ ಹೋಗಿ ಬರುವಷ್ಟರಲ್ಲಿ ಮಾವ ಜಗಲಿಯ ಮೇಲೆ ಕತ್ತರಿ ಹಿಡಿದು ಕೂತಿದ್ದರು. ಬೆನ್ನು, ಎದೆ ಎಲ್ಲ ಆಗಲೇ ಬಿಲ್ಲೆಯಾಗಿದ್ದವು.

“ಮಾವ! ಅದು ಮೇಡಮ್ಮಂದು, ಅಳತೆ ಬ್ಲೌಸು!”

“ಕಂಕುಳ ತಾವ ಹರಿದಿತ್ತು ಕಣಮ್ಮ, ಹಳೇದು ಅಂದ್ಕಂಡೆ.”

“ಈಗ ನಾನು ಅಳತೆ ಎಲ್ಲಿಂದ ತರ್ಲಿ?”

ಮಾವ ಉಳಿದದ್ದನ್ನು ಎತ್ತಿ ತೋರಿಸಿದರು. “ಬಲಗಡೆ ತೋಳು ಮುಟ್ಟಿಲ್ಲ. ಎಡಗಡೇದೂ ಅಷ್ಟೇ ಇರ್ತದೆ ಬುಡು.”

ಕಣ್ಣಂದಾಜಿನಲ್ಲಿ ಹೊಲಿದೆ. ಮೇಡಂ ಹಾಕಿಕೊಂಡು ನೋಡಿ ತಲೆದೂಗಿದರು. ಆಮೇಲೆ ಅಳತೆಯದು ಕೇಳಿದರು. ಬೇರೆ ದಾರಿ ಇಲ್ಲದೆ ನಿಜ ಹೇಳಿ ತೋಳು ಕೈಗಿಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ನಿಮ್ಮ ಮಾವನಿಗೆ ಹೇಳು, ಇನ್ನು ಹಂದಿ ಬಂದ್ರೆ ಕೋವಿ ಬೇಡ, ನನ್ನ ಕರೀಲಿ. ನಾನು ಬರೀ ಕಣ್ಣು ಬಿಟ್ರೆ ಮುನ್ನೂರು ಮಕ್ಕಳು ಓಡ್ತವೆ” ಅಂದರು.

೨. ಮನೆಯಲ್ಲೊಬ್ಬಳು ಮುದುಕಿ

ಆಮೇಲೆ ನನ್ನ ಅಂಗಡಿಯ ಬಟ್ಟೆ ಮುಟ್ಟಕೂಡದು ಅಂತ ಕರಾರು ಹಾಕಿ, ಮಾವನನ್ನು ಶಿರಾದ ಒಂದು ಕಟ್‌ಪೀಸ್ ಅಂಗಡಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲೇ ಹೇಳಿದ್ದೆ, “ಅಲ್ಲಿ ಕೋವಿ ಗೀವಿ ಅನ್ನಬೇಡಿ ಮಾವ, ಜನ ಗಾಬರಿಯಾಗ್ತಾರೆ.” ಮಾವ ನನ್ನ ಮಾತು ಅಕ್ಷರಶಃ ನಡೆಸಿದರು.

ಅಂಗಡಿಯ ಸಾಬರು ವಯಸ್ಸಾದವರು, ಮೃದು ಸ್ವಭಾವ. ಮಾವ ಒಂದೊಂದೇ ತುಂಡು ಹಿಸುಕಿ, ಎಂಜಲು ಹಚ್ಚಿ ಹೀರುತ್ತದೋ ಅಂತ ನೋಡಿ ಪಕ್ಕಕ್ಕೆ ಎಸೆಯುತ್ತಿದ್ದರು.

“ಯಾತಕ್ಕೆ ಬೇಕು ಯಜಮಾನರೇ?”

“ಮನೇಲಿ ಒಬ್ಳು ಅವ್ಳೆ ಸಾಬ್ರೆ. ಬಾಳ ವಯಸ್ಸಾಗೈತೆ. ಬಾಯಿ ಒಳಗೆಲ್ಲ ಕಪ್ಪು ಕಟ್ತದೆ. ಒರೆಸ್ತಾ ಇರಬೇಕು.”

“ಅರೆರೆ, ಬೇಚಾರಿ! ಓಡಾಡ್ತಾರಾ?”

“ಎಲ್ಲಿ? ಗೋಡೆಗೆ ಒರಗಿಸಿರ್ತೀವಿ.”

ಸಾಬರ ಕಣ್ಣು ತುಂಬಿತು. ಒಳಗಿಂದ ಎಳೆಮಕ್ಕಳಿಗೆ ಹಾಕುವಂಥ ಮೆತ್ತನೆಯ ಮಲ್ಲು ಬಟ್ಟೆ ತಂದರು. “ದವಾ ಏನಾದ್ರೂ ಕೊಡ್ತೀರಾ?”

“ಮದ್ದು ಹಾಕ್ತೀವಿ. ಆದ್ರೆ ಒಳಗೆ ನಿಲ್ಲಲ್ಲ. ದೊಡ್ಡ ಸದ್ದು ಮಾಡ್ಕಂಡು ಎಲ್ಲಾ ಆಚೆಗೇ ಬತ್ತದೆ.”

ನಾನು ಸೆರಗು ಬಾಯಿಗೆ ತುರುಕಿಕೊಂಡು ಬೀದಿ ಕಡೆ ತಿರುಗಿದೆ. ಸೊಸೆ ಅಳುತ್ತಿದ್ದಾಳೆ ಅಂತ ಸಾಬರು ಇನ್ನೂ ಒಂದು ಮೀಟರ್ ಸೇರಿಸಿದರು.

“ಒಳ್ಳೆ ಕಡೆ ತೋರಿಸಿ ಯಜಮಾನರೇ, ಅಲ್ಲಾ ಒಳ್ಳೇದು ಮಾಡ್ತಾನೆ.”

“ತೋರಿಸ್ದೆ ಬುಡ್ತೀವಾ ಸಾಬ್ರೆ? ವರ್ಸಾವರ್ಸಾ ಗೋಣಿಚೀಲದಾಗೆ ಸುತ್ತಿ ಪೊಲೀಸ್ ಠಾಣೆಗೆ ಹೊತ್ಕೊಂಡೋಗ್ತೀವಿ.”

೩. ಎಳೆದಾಟ

ನಮ್ಮ ನಾದಿನಿಯನ್ನು ಪಾವಗಡದ ಹತ್ತಿರ ಕೊಟ್ಟಿದೆ. ಅವಳ ಮಾವನಿಗೂ ಇಂಥದ್ದೇ ಕೋವಿ. ಬೀಗರು ಮಾತಾಡುವುದು ಅರ್ಧ ಕನ್ನಡ, ಅರ್ಧ ತೆಲುಗು. ಒಂದು ಬೆಳಿಗ್ಗೆ ಅವರ ಫೋನು: “ಬಾವಾ, ತುಪಾಕಿ ಗೊಂತುಲೋ ಬಟ್ಟ ಸಿಕ್ಕಾಕ್ಕೊಂಡೈತೆ, ಬೇಗ ಬಾ!” ಕೋವಿಯ ಗಂಟಲಲ್ಲಿ ಬಟ್ಟೆಯಂತೆ.

ಬಿಲ್ಲೆ ಒಂದು ಬೆರಳು ಹೆಚ್ಚು ಅಗಲವಾದರೂ ನಳಿಗೆಯಲ್ಲಿ ಮುದುಡಿ ಕಚ್ಚಿಕೊಳ್ಳುತ್ತದೆ. ಬೀಗರು ಅಂಗೈ ಅಗಲದ್ದೇ ತುರುಕಿದ್ದರು. ಖಾಲಿ ಕೋವಿ, ಅಪಾಯವೇನಿಲ್ಲ, ಆದರೆ ಗಜ ಅಲ್ಲಾಡುತ್ತಿಲ್ಲ. ಮಾವನೂ ನಾನೂ ಹೋದೆವು. ಇಬ್ಬರು ಹಿರಿಯರೂ ಎದುರುಬದುರು ಕೂತು, ಪಾದಕ್ಕೆ ಪಾದ ಒತ್ತಿ, ಒಬ್ಬರು ಕೋವಿ ಒಬ್ಬರು ಗಜ ಹಿಡಿದು ಎಳೆಯತೊಡಗಿದರು. ಅಕ್ಕಪಕ್ಕದವರು ಸೇರಿದರು. ಅರ್ಧ ಜನ ಕೊಡಿಗೇನಹಳ್ಳಿ ಕಡೆ, ಅರ್ಧ ಜನ ಪಾವಗಡ ಕಡೆ. ಶಿಳ್ಳೆ ಬೇರೆ.

ಬೀಗಿತ್ತಿ ಒಳಗಿಂದ ಬಂದವರು ಸ್ವಲ್ಪ ಹೊತ್ತು ನೋಡಿದರು. “ಜರುಗಂಡಿ” ಅಂತ ಇಬ್ಬರನ್ನೂ ಸರಿಸಿ, ನಳಿಗೆಯ ಮೇಲೆ ಒಂದು ಚೊಂಬು ಬಿಸಿನೀರು ಸುರಿದು, ಗಜವನ್ನು ಮಜ್ಜಿಗೆ ಕಡೆಯುವ ಹಾಗೆ ಆಚೀಚೆ ತಿರುಗಿಸಿದರು. ಸರ್ರನೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬೀಗಿತ್ತಿ ಮಾತ್ರ ತುದಿಯಲ್ಲಿದ್ದ ಬಟ್ಟೆ ಬಿಚ್ಚಿ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಮಸಿಯ ನಡುವೆ ಗಿಳಿಹಸಿರು ಅಂಚು, ಅದರಲ್ಲಿ ಸಣ್ಣ ಮಾವಿನಕಾಯಿ.

“ಇದಿ ನಾ ಚೀರ ಕದಾ!” ಅಂದರು. ಎರಡು ವಾರದಿಂದ ಮನೆಯೆಲ್ಲ ಹುಡುಕುತ್ತಿದ್ದ ಸೀರೆಯಂತೆ ಅದು.

ಬೀಗರು ನಮ್ಮ ಮಾವನ ಕಿವಿಯ ಹತ್ತಿರ ಬಗ್ಗಿದರು. “ಬಾವಾ, ಮತ್ತೆ ಒಳಕ್ಕೇ ತಳ್ಳಿಬುಡು.”

೪. ಬಕೆಟ್ ಗುರುತು

ಎಲೆಕ್ಷನ್ ಬಂತೆಂದರೆ ಲೈಸೆನ್ಸ್ ಇರುವವರೆಲ್ಲ ಕೋವಿಯನ್ನು ಠಾಣೆಯಲ್ಲಿ ಡಿಪಾಜಿಟ್ ಮಾಡಬೇಕು. ಈ ಸಲ ಹೊಸದಾಗಿ ಬಂದಿದ್ದ ಎಸ್‌ಐ ಶಿಸ್ತಿನ ಮನುಷ್ಯ. “ಕೊಳೆ ಕೋವಿ ನಾನು ಒಳಗಿಟ್ಕೊಳ್ಳಲ್ಲ. ತುಕ್ಕು ಹಿಡಿದ್ರೆ ಆಮೇಲೆ ಠಾಣೆಯವರೇ ಹಾಳು ಮಾಡಿದ್ರು ಅಂತೀರಿ. ಬಿಳಿ ಬಟ್ಟೆ ಹಾಕಿ ಎಳೀತೀನಿ, ಬಿಳಿಯಾಗೇ ಬರಬೇಕು. ಇಲ್ಲಾಂದ್ರೆ ಲೈಸೆನ್ಸ್ ರಿನ್ಯೂವಲ್‌ಗೆ ನಾನು ಬರೆಯಲ್ಲ” ಅಂದುಬಿಟ್ಟರು.

ಸಾಲಿನಲ್ಲಿದ್ದ ನಲವತ್ತು ರೈತರ ಮುಖ ಬಾಡಿತು. ಅಪ್ಪ ತಾತನ ಕಾಲದ ಲೈಸೆನ್ಸು. ಒರೆಸೋಣವೆಂದರೆ ಯಾರ ಹತ್ತಿರವೂ ಬಟ್ಟೆ ಇಲ್ಲ. ಆಗ ಮಾವ ಕೈಚೀಲ ಬಿಚ್ಚಿ, “ತಗಳ್ರಪ್ಪ, ನಮ್ ತಾವ ಬೇಕಾದಷ್ಟೈತೆ” ಅಂತ ಹಿಡಿ ಹಿಡಿ ಹಂಚಿದರು. ಎಲ್ಲರೂ ಠಾಣೆಯ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಒರೆಸತೊಡಗಿದರು. ಲೈಸೆನ್ಸ್ ಪುಸ್ತಕ ಹಿಡಿದು ಬೇವಿನ ಮರದಡಿ ನಿಂತಿದ್ದ ನನಗೆ ಮಾವನ ಬಗ್ಗೆ ಹೆಮ್ಮೆಯೆನಿಸಿತು. ಒಂದು ಬಿಲ್ಲೆ ಗಾಳಿಗೆ ಹಾರಿ ನನ್ನ ಕಾಲ ಬಳಿ ಬೀಳುವವರೆಗೆ. ಅದರ ಮೇಲೊಂದು ಬಕೆಟ್ ಚಿತ್ರವಿತ್ತು.

ಹೋದ ಎಲೆಕ್ಷನ್ನಿನಲ್ಲಿ ಪಕ್ಷೇತರರಾಗಿ ನಿಂತಿದ್ದ ಒಬ್ಬರು ಎದೆಗೆ ಸಿಕ್ಕಿಸುವ ಬ್ಯಾಡ್ಜು ಮಾಡಿಕೊಡಲು ನನಗೆ ಒಂದು ಗಂಟು ಬಿಳಿ ಹತ್ತಿ ಬಟ್ಟೆ ಕೊಟ್ಟಿದ್ದರು. ಬಟ್ಟೆಯ ತುಂಬ ಗುಂಡನೆಯ ಗೀಟುಗಳೊಳಗೆ ಅವರ ಬಕೆಟ್ ಗುರುತು ಅಚ್ಚಾಗಿತ್ತು. ನಾನು ಕತ್ತರಿಸುವ ಮೊದಲೇ ಅವರು ಸೋತರು. ಗಂಟು ಅಟ್ಟ ಸೇರಿತ್ತು. ಮಾವ ಅದನ್ನು ನನಗೆ ಗೊತ್ತಾಗದ ಹಾಗೆ ಇಳಿಸಿ, ಒಗೆದು ಒಗೆದು ಗಂಜಿ ಬಿಡಿಸಿ, ಗೀಟಿನ ಮೇಲೇ ಕತ್ತರಿ ಆಡಿಸಿದ್ದರು.

ನಾನು ಓಡಿಹೋಗಿ ಹೇಳುವಷ್ಟರಲ್ಲಿ ಎಸ್‌ಐ ಟೀ ಲೋಟ ಹಿಡಿದು ಹೊರಗೆ ಬಂದರು. ಎದುರಿಗೆ ನಲವತ್ತು ಗಜ, ನಲವತ್ತು ಬಕೆಟ್ಟು.

“ಏನ್ರೀ ಇದು! ನೀತಿಸಂಹಿತೆ ಜಾರಿಯಲ್ಲಿದೆ, ಠಾಣೆ ಅಂಗಳದಲ್ಲೇ ಪ್ರಚಾರನಾ?”

ಅದೇ ಹೊತ್ತಿಗೆ ಬಕೆಟ್ಟಿನವರೇ ಗೇಟಿನಲ್ಲಿ ಇಳಿಯಬೇಕೆ! ಈ ಸಲವೂ ನಿಂತಿದ್ದರು, ಮೈಕಿನ ಪರ್ಮಿಷನ್ನಿಗೆ ಬಂದಿದ್ದರು. ಇಷ್ಟೊಂದು ಜನ ತನ್ನ ಗುರುತು ಹಿಡಿದು ಕೂತಿರುವುದು ಕಂಡು ಅವರ ಮುಖ ಅರಳಿತು. ಎರಡೂ ಕೈ ಜೋಡಿಸಿಕೊಂಡೇ ಬಂದರು. ಆಗ ಮುಂದಿದ್ದ ಅಜ್ಜ ನಳಿಗೆಯಿಂದ ಗಜ ಎಳೆದ. ಬಕೆಟ್ಟು ಕಾಡಿಗೆಯಾಗಿತ್ತು.

“ಸಾರ್, ನೋಡಿ ಸಾರ್! ಎಲ್ಲಾ ಸೇರಿ ನನ್ನ ಗುರುತಿಗೆ ಮಸಿ ಬಳೀತಿದಾರೆ! ಕಂಪ್ಲೇಂಟ್ ತಗೊಳ್ಳಿ!”

ಎಸ್‌ಐ ತಲೆ ಕೆರೆದುಕೊಂಡರು. “ತಗೋತೀನಿ. ಆದ್ರೆ ನಿಮ್ಮ ಪರ ಪ್ರಚಾರ ಅಂತ ಬರೀಲೋ, ವಿರುದ್ಧ ಅಂತ ಬರೀಲೋ?”

ಮಾವ ಎದ್ದು ನಿಂತು ಬಕೆಟ್ಟಿನವರಿಗೆ ಕೈಮುಗಿದರು. “ಸ್ವಾಮಿ, ತಪ್ಪು ತಿಳ್ಕಬ್ಯಾಡಿ. ಹೋದ ಸಲ ನಿಮ್ ಬಕೆಟ್ಟಿಗೆ ಒಂದು ಡಿಪಾಜಿಟ್ ಉಳಿಸ್ಕೊಳ್ಳಕ್ಕಾಗ್ಲಿಲ್ಲ. ಇವತ್ತು ನೋಡಿ, ಅದೇ ಬಕೆಟ್ಟಿನಿಂದ ನಲವತ್ತು ಡಿಪಾಜಿಟ್ ಆಯ್ತಾ ಐತೆ.”

ಎಸ್‌ಐ ಗೋಡೆ ಕಡೆ ತಿರುಗಿ ನಿಂತರು. ಭುಜ ಕುಲುಕುತ್ತಿತ್ತು, ಲೋಟದ ಟೀ ಶರ್ಟಿನ ಮೇಲೆ ಚೆಲ್ಲುತ್ತಿತ್ತು. ತಿರುಗದೇ ಕೂಗಿದರು:

“ರೈಟರೇ, ಪರೀಕ್ಷೆ ಸಾಕು. ನಲವತ್ತೂ ಒಳಗಿಡಿ. ಬಕೆಟ್ಟು ಮಾತ್ರ ಹೊರಗಿಡಿ!”