ಹುಣಸೆ ಬೀಜದ ಎಣಿಕೆಯಲ್ಲಿ ಒಂದು ಬಾಣಂತನ

ನಮ್ಮ ಮನೇಲಿ ನಗುವಂಥಾ ಸಂಗತಿಗಳು ಆಗ್ತಾನೇ ಇರ್ತವೆ. ಆಗೋ ಹೊತ್ತಲ್ಲಿ ಮಾತ್ರ ಒಬ್ಬರಿಗೂ ನಗು ಬರಲ್ಲ. ಮೊಮ್ಮಗಳು ಬಾಣಂತನಕ್ಕೆ ಬಂದಿದ್ದ ಆ ಆರು ತಿಂಗಳು ಈಗ ಸಾಂಬ್ರಾಣಿ ಹೊಗೆಯೊಳಗಿಂದ ನೋಡಿದ ಹಾಗೆ ಕಾಣ್ತದೆ. ಬೆಳಗಿನ ಮಂಜಲ್ಲಿ ಊರಿಗಾಂನ ಚಿನ್ನದ ಗಣಿಮಣ್ಣಿನ ದಿಬ್ಬ ಮೋಡದ ಥರ ತೇಲ್ತಿತ್ತು. ತೊಟ್ಟಿಲು ತಾನಾಗೇ ತೂಗ್ತಿದೆಯೇನೋ ಅನ್ನಿಸ್ತಿತ್ತು. ಅದರ ನಡುವೆ ನಾವು ಒದ್ದಾಡಿದ್ದು ಹೀಗೆ.

ಬೀಜ

ಮೊಮ್ಮಗಳು ದೂರದ ಒಂದು ಚಳಿ ದೇಶದಲ್ಲಿ ವಯಸ್ಸಾದೋರನ್ನ ನೋಡ್ಕೊಳ್ಳೋ ನರ್ಸು. ಐದು ವರ್ಷ ಅಲ್ಲೇ ಇದ್ದು ದುಡಿದರೆ ಕಾಯಂ ಆಗಿ ಇರೋಕೆ ಕಾಗದ ಕೊಡ್ತಾರಂತೆ. ನಾಲ್ಕೂವರೆ ವರ್ಷ ಆಗಿತ್ತು. ಅಷ್ಟರಲ್ಲಿ ಬಸುರಿ. ಅವಳ ತಾಯಿ ಇಲ್ಲ, ತವರು ಅಂದ್ರೆ ನಾನೇ. ಏಳನೇ ತಿಂಗಳಲ್ಲಿ ಬಂದಿಳಿದಳು.

"ಅಜ್ಜೀ, ಒಂದೇ ಸಲಕ್ಕೆ ನೂರ ಎಂಬತ್ತು ದಿನ ದಾಟಿ ದೇಶದ ಒರಗಿದ್ರೆ ಅಷ್ಟೂ ವರ್ಷ ಅಳಿಸೋಯ್ತದೆ. ತಿರ್ಗಾ ಒಂದರಿಂದ ಎಣಿಸ್ಬೇಕು."

"ಎರಿಗೆ ರಜೆ ಒಂದು ವರ್ಷ ಕೊಟ್ಟವ್ರೆ ಅಂದಿದ್ಯಲ್ಲೇ?"

"ರಜೆ ಕೊಡೋರು ಒಬ್ರು, ಎಣಿಸೋರು ಇನ್ನೊಬ್ರು. ಮನೇಲಿ ಕೂತ್ಕೋ, ಆದ್ರೆ ನಮ್ಮೂರ ಮನೇಲೇ ಕೂತ್ಕೋ ಅಂತಾರೆ."

ನನಗೆ ಅಕ್ಷರ ಬರಲ್ಲ. ನೂರ ಎಂಬತ್ತು ಹುಣಸೆ ಬೀಜ ಎಣಿಸಿ ಒಂದು ಡಬ್ಬಿಗೆ ಹಾಕಿದೆ. ದಿನಾ ಬೆಳಗಾದ್ರೆ ಒಂದು ಬೀಜ ಪಕ್ಕದ ಡಬ್ಬಿಗೆ. ಒಂದಿನ ಮಗೂಗೆ ಎರೆದು ಹಿತ್ತಲಿಂದ ಬರ್ತೀನಿ, ಮನೆಯೆಲ್ಲಾ ಹುರಿದ ವಾಸನೆ. ಎದುರುಮನೆ ಪಾಟಿ, ನನ್ನ ನಲವತ್ತು ವರ್ಷದ ತಮಿಳು ಗೆಳತಿ, ಒಲೆ ಮುಂದೆ ಕೂತು ಕಟಕಟ ಅಗೀತಿದ್ದಾಳೆ.

"ಎಷ್ಟು ತಿಂದ್ಯೇ?" ಅಂತ ಕಿರುಚಿದೆ.

"ಯಾರು ಎಣಿಸ್ಕೊಂಡು ತಿಂತಾರೆ? ಒಂದು ಹಿಡಿ."

ಕಿವಿಗೆ ಹತ್ತಿ ಇಟ್ಕೊಂಡಿದ್ದ ಬಾಣಂತಿಗೂ ಅದು ಕೇಳಿಸ್ತು. "ಅಯ್ಯಯ್ಯೋ, ನನ್ನ ದಿನಗಳನ್ನ ಉರ್ಕೊಂಡು ತಿಂದವ್ಳೆ!" ಅಂತ ಕೋಣೆಯಿಂದಲೇ ಅತ್ತಳು. ಅವಳ ಫೋನಿನ ಕ್ಯಾಲೆಂಡರ್ ನೋಡಿ ಬೀಜ ಮತ್ತೆ ಸರಿಮಾಡಿದ್ವಿ.

ಪಾಟಿ ಮಾತ್ರ ಸಮಾಧಾನ ಹೇಳಿದ್ದು ಹೀಗೆ: "ಅಳಬೇಡ ಕಣ್ಣಮ್ಮ. ನಿನ್ನ ದಿನಗಳು ಚೆನ್ನಾಗೇ ಇದ್ವು. ಉಪ್ಪು ಒಂಚೂರು ಸಾಲ್ದು."

ಬಿಲ್ಲೆ

ನಮ್ಮ ಯಜಮಾನ್ರು ಗಣಿಯಲ್ಲಿ ದುಡಿದೋರು. ಕೆಳಗಿಳಿಯೋ ಮುಂಚೆ ಹಿತ್ತಾಳೆ ಬಿಲ್ಲೆಯನ್ನ ಮೇಲಿನ ಹಲಗೆಗೆ ತಗುಲಿಹಾಕಬೇಕಿತ್ತು. ಬಿಲ್ಲೆ ಹಲಗೆ ಮೇಲಿದ್ರೆ ಮನುಷ್ಯ ಭೂಮಿಯೊಳಗೆ ಅಂತ ಅರ್ಥ. ಅದು ನೆನಪಾಗಿ ಮೊಮ್ಮಗಳ ಗಂಡನಿಗೆ ಫೋನ್ ಹಚ್ಚಿಸಿದೆ. ಅವನು ಆ ದೇಶದಲ್ಲೇ ಇದ್ದ.

"ಅಪ್ಪಾ, ಅವಳ ಕೋಟು ಬಾಗಿಲ ಮುಂದೆ ನೇತಾಕು. ಚಪ್ಪಲಿ ಒಂದು ಜೊತೆ ಮೆಟ್ಟಿಲ ಮೇಲಿರ್ಲಿ. ಒಳಗವ್ಳೆ ಅಂದ್ಕೋತಾರೆ."

"ಇಲ್ಲಿ ಬಾಗಿಲು ನೋಡಲ್ಲ ಅಜ್ಜಿ, ಪಾಸ್‌ಪೋರ್ಟ್ ನೋಡ್ತಾರೆ. ಸುಳ್ಳು ಸಿಕ್ಕಿಬಿದ್ರೆ ಇಬ್ಬರನ್ನೂ ಕಳಿಸ್ತಾರೆ."

ಅವನು ಹೇಳಿದ್ದೇ ಸರಿ. ಒಂದು ಸಲ ನಮ್ಮೋರೂ ಬಿಲ್ಲೆ ತಗುಲಿಹಾಕಿ, ಇಳಿಯದೆ ಮೆಲ್ಲಗೆ ಜಾರಿಕೊಂಡಿದ್ರು. ಪಾಳಿ ಮುಗಿದರೂ ಬಿಲ್ಲೆ ಅಲ್ಲೇ. ದೀಪ ಹಿಡಿದು ಪಾತಾಳದಲ್ಲೆಲ್ಲಾ ಹುಡುಕಿದ್ರು. ನಾನು ಗಣಿ ಬಾಯಲ್ಲಿ ಕೂತು ಎದೆ ಎದೆ ಬಡ್ಕೊಂಡೆ. ಕತ್ತಲಾಗೋ ಮುಂಚೆ ಆ ಮನುಷ್ಯ ಬಂಗಾರಪೇಟೆ ಕಡೆಯಿಂದ ಸೈಕಲ್ಲಲ್ಲಿ ಬಂದು ಗುಂಪಲ್ಲಿ ತೂರಿಕೊಂಡು ಕೇಳಿದ್ದು: "ಪಾಪ, ಯಾರು ಸಿಕ್ಕಾಕೊಂಡವ್ರೆ?"

ಬಾಯಲ್ಲಿ ಇನ್ನೂ ಪಾನಿಪೂರಿ ಇತ್ತು.

ಭಾನುವಾರ

ಹೊಟ್ಟೆಯಲ್ಲಿದ್ದೋನಿಗೆ ಕಾನೂನು ಗೊತ್ತಾ? ಎರಡು ವಾರ ತಡವಾಗಿ ಹುಟ್ಟಿದ. ಮೂರು ತಿಂಗಳ ಬಾಣಂತನ ಮುಗಿಸಿ ಟಿಕೆಟ್ ಸಿಕ್ಕಿದ್ದು ನೂರ ಎಪ್ಪತ್ತೆಂಟನೇ ದಿನಕ್ಕೆ. ಮಂಗಳವಾರ. ಮೇಲೆ ಅಮಾವಾಸ್ಯೆ.

"ಹಸುಗೂಸು ಕಣೇ. ಗುರುವಾರ ಓಗು" ಅಂದೆ.

"ಗುರುವಾರಕ್ಕೆ ನೂರ ಎಂಬತ್ತು. ವಿಮಾನ ಒಂದಿನ ತಡ ಆದ್ರೆ ನನ್ನ ಐದು ವರ್ಷ ನೀನು ಕೊಡ್ತೀಯಾ?"

ಕೊಡೋ ಹಾಗಿದ್ರೆ ಕೊಟ್ಟುಬಿಡ್ತಿದ್ದೆ. ಆಮೇಲೆ ಪ್ರಸ್ಥಾನ ಇಡೋದು ನೆನಪಾಯ್ತು. ಹೊರಡೋ ದಿನ ಸರಿಯಿಲ್ಲದಿದ್ರೆ ಒಳ್ಳೇ ದಿನ ನೋಡಿ ಒಂದು ಗಂಟು ಮುಂಚೆಯೇ ಬೇರೆಯೋರ ಮನೇಲಿ ಇಟ್ಟುಬಿಡೋದು. ಪ್ರಯಾಣ ಅವತ್ತೇ ಶುರುವಾದ ಹಾಗೆ. ಭಾನುವಾರ ಅಕ್ಕಿ, ಅರಿಶಿನ, ಮಗೂನ ಅಂಗಿ ಎಲ್ಲಾ ಒಂದು ಕೆಂಪು ಚೀಲಕ್ಕೆ ಹಾಕಿ ಪಾಟಿಯ ದೇವರ ಗೂಡಲ್ಲಿಟ್ಟೆ. ದೇವರ ಪ್ರಕಾರ ಮೊಮ್ಮಗಳು ಹೊರಟಾಯ್ತು. ಬೀಜ ಹಾಕೋದನ್ನೂ ಅವತ್ತಿಗೇ ನಿಲ್ಲಿಸಿದೆ.

ಮಧ್ಯಾಹ್ನ ಊಟಕ್ಕೆ ಕೂತ ಮೊಮ್ಮಗಳ ತಟ್ಟೆ ನೋಡಿ ಪಾಟಿ ಅಂದಳು: "ಊರು ಬಿಟ್ಟೋಳಿಗೆ ಇನ್ನೊಂದು ಮುದ್ದೆನಾ?"

ತಿರುಗಬಾರದು

ಮಂಗಳವಾರ ಬೆಳಿಗ್ಗೆ ಮೊಮ್ಮಗಳು, ಮಗು, ನಾನು ಕೂತ ಕಾರು ಬೆಂಗಳೂರ ವಿಮಾನಕ್ಕೆ ಹೊರಟಿತು. ಆಂಡರ್ಸನ್‌ಪೇಟೆ ಹತ್ತಿರ ಮೊಮ್ಮಗಳು ಚೀಲವೆಲ್ಲಾ ಕೆದಕಿದಳು.

"ಅಜ್ಜೀ, ಪಾಸ್‌ಪೋರ್ಟ್ ಎಲ್ಲಿ?"

"ಅದು ಭಾನುವಾರಾನೇ ಓಯ್ತಲ್ಲ."

"ಎಲ್ಲಿಗೆ?!"

"ಅಕ್ಕಿ ಜೊತೆ ಕಟ್ಟಿಟ್ಟೆ. ಪ್ರಯಾಣ ಅಂದ್ರೆ ಅದೇ ತಾನೆ? ಅದಿಲ್ದೆ ಬರೀ ಅಂಗಿ ಇಟ್ರೆ ದೇವ್ರು ನಂಬ್ತಾನಾ?"

"ಕಾರು ತಿರುಗ್ಸಣ್ಣ!" ಅಂತ ಅವಳು ಕೂಗಿದಳು. "ಒರಟ ಗಾಡಿ ತಿರುಗ್ಸಬಾರ್ದು!" ಅಂತ ನಾನು ಕೂಗಿದೆ. ಡ್ರೈವರ್ ಜಾಣ. "ತಿರುಗ್ಸಲ್ಲ ಬಿಡಜ್ಜಿ" ಅಂದೋನೇ ರಿವರ್ಸ್ ಗೇರ್ ಹಾಕಿದ. ಮುಖ ಬೆಂಗಳೂರ ಕಡೆಗೇ ಇಟ್ಕೊಂಡು ಹಿಂದಹಿಂದಕ್ಕೆ ಮನೆವರೆಗೂ ಹೋದ್ವಿ. ಬೇವಿನ ಮರ, ಗಣಿಯೋರ ಲೈನ್‌ಮನೆಗಳು, ಮೇಕೆಗಳು ಎಲ್ಲಾ ಕನಸಲ್ಲಿ ಜಾರಿದ ಹಾಗೆ ಮುಂದಕ್ಕೆ ಜಾರಿದ್ವು.

ಪಾಟಿ ಮನೆಗೆ ಬೀಗ! ಫೋನ್ ಮಾಡಿದ್ರೆ, "ನಾನು ಬಂಗಾರಪೇಟೇಲಿ ಮಗಳ ಮನೇಲಿದೀನಿ. ಚೀಲಾನೂ ಇಲ್ಲೇ ಐತೆ" ಅಂದಳು.

"ಅದನ್ಯಾಕೆ ತಗೊಂಡೋದೆ?"

"ದಾರಿ ಮೇಲೇ ತಾನೆ? ನಿಂತಿರೋ ಪ್ರಸ್ಥಾನಕ್ಕಿಂತ ನಡೆಯೋ ಪ್ರಸ್ಥಾನ ಒಳ್ಳೇದು. ಒಂಚೂರು ಮುಂದಕ್ಕೆ ತಳ್ಳಿದೆ."

ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಕೆಂಪು ಚೀಲ ತಲೆ ಮೇಲಿಟ್ಟುಕೊಂಡು ದೇವತೆ ಥರ ನಿಂತಿದ್ದಳು. ಕಾರಿನ ಕಿಟಕಿಯಿಂದಲೇ ಕಿತ್ಕೊಂಡ್ವಿ. ವಿಮಾನ ಸಿಕ್ಕಿತು.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಫೋನಲ್ಲಿ ಮೊಮ್ಮಗಳ ಮುಖ. ಹಿಂದಿನ ಕಿಟಕಿಯಲ್ಲಿ ಹಿಮ ಬಿದ್ದ ಗುಡ್ಡ, ನಮ್ಮ ದಿಬ್ಬದ ಹಾಗೇ. "ಅಜ್ಜೀ, ಕಾಯಂ ಕಾಗದ ಬಂತು!" ಸೆರಗಲ್ಲಿ ಕಣ್ಣೊರೆಸಿಕೊಂಡು ಕೇಳಿದೆ, "ಎಷ್ಟು ದಿನ ಒರಗಿದ್ದೆ ಅಂತ ಬರ್ಕೊಂಡವ್ರೆ?"

"ನೂರ ಎಪ್ಪತ್ತೆಂಟು."

ಡಬ್ಬಿ ತಂದು ತೋರಿಸಿದೆ. "ತಪ್ಪು! ನೂರ ಎಪ್ಪತ್ತಾರು. ನೀನು ಭಾನುವಾರಾನೇ ಒರಟಿದ್ದೆ. ಆ ಸಾಹೇಬ್ರಿಗೆ ಫೋನ್ ಕೊಡು, ನಾನೇ ಮಾತಾಡ್ತೀನಿ."

"ನಿನ್ನ ಕಾಲಿಗೆ ಬೀಳ್ತೀನಿ, ಸುಮ್ನಿರಜ್ಜಿ! ಕೊಟ್ಟಿದ್ದನ್ನ ಕಿತ್ಕೊಂಡಾರು!"

ಪಕ್ಕದಲ್ಲಿ ಕೂತಿದ್ದ ಪಾಟಿ ಇನ್ನೊಂದು ಡಬ್ಬಿಯೊಳಗೆ ಇಣುಕಿ ನೋಡಿದಳು.

"ಅಂಗಾದ್ರೆ ಇನ್ನೂ ನಾಲ್ಕು ದಿನ ಮಿಕ್ಕವೆ. ಬಾಣಲೆ ಇಡ್ಲಾ? ಈ ಸಲ ಉಪ್ಪು ಸರಿಯಾಗಿ ಹಾಕ್ತೀನಿ."