ಮೇಷ್ಟ್ರು ಹತ್ತು ಎಣಿಸುವವರೆಗೆ

ನಾನಿರುವ ಕಡೆ ಇಂಥವು ನಡೆಯುತ್ತಲೇ ಇರುತ್ತವೆ, ಯಾಕೆಂದರೆ ಬಹುಪಾಲು ನಾನೇ ನಡೆಸುತ್ತೇನೆ. ಸಿಂಗಪುರದಲ್ಲಿ ಆಗ ಎಲ್ಲಿ ನೋಡಿದರೂ ಕ್ರೇನು, ಎಲ್ಲರಿಗೂ ಕೈತುಂಬ ಕೆಲಸ. ಅಷ್ಟರಲ್ಲೂ ಬಿಡುವು ಮಾಡಿಕೊಂಡು ಒಬ್ಬ ಒಳ್ಳೆಯ ಮನುಷ್ಯರ ಸಂಗೀತ ಕಚೇರಿಗಳನ್ನು ಕೆಡಿಸಿದೆ. ಇದನ್ನು ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ, ಪ್ರತಿ ಸಲವೂ ಉಪ್ಪು ಖಾರ ಸೇರಿಸಿ. ಈ ಸಲ ಕಡಿಮೆ ಹಾಕುತ್ತೇನೆ.

೧. ಎತ್ತಿದ ಕೈ

ಮೇಷ್ಟ್ರು ಮೈಸೂರಿನವರು. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಹದಿನೆಂಟು ಜನರ ಗಾಯನ ವೃಂದ ನಡೆಸುತ್ತಿದ್ದರು. ನಾನೂರು ವರ್ಷ ಹಳೆಯ ಯುರೋಪಿನ ಹಾಡು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಭಜನಾ ಮಂಡಳಿಯವರೇ ತಾಳ ಕೊಟ್ಟು ಮೂಲೆಯಲ್ಲಿ ಕೂರಿಸಿದ್ದ ನನ್ನನ್ನು ಯಾಕೆ ಸೇರಿಸಿಕೊಂಡರು? ಮಂದ್ರದ ದನಿ ಬೇಕಿತ್ತು ಅಂತ ಹೇಳಿಕೊಳ್ಳುತ್ತೇನೆ. ನಿಜವೆಂದರೆ, ಉಳಿದ ಹದಿನೇಳು ಜನರನ್ನು ಇಂಗ್ಲಿಷಿನಲ್ಲಿ ನಯವಾಗಿ ತಿದ್ದಬೇಕಿತ್ತು. ಕನ್ನಡದಲ್ಲಿ ಬೈಯಲು ಒಬ್ಬ ಬೇಕಿತ್ತು.

ಅವರಿಗಿದ್ದದ್ದು ಒಂದೇ ಆಸೆ. ಕೊನೆಯ ಸ್ವರ ಮುಗಿದ ಮೇಲೆ ಎತ್ತಿದ ಕೈ ಹಾಗೇ ಹಿಡಿದು ಮನಸ್ಸಿನಲ್ಲೇ ಹತ್ತು ಎಣಿಸುತ್ತಿದ್ದರು. ಕೈ ಇಳಿಯುವವರೆಗೆ ಚಪ್ಪಾಳೆ, ಕೆಮ್ಮು ಏನೂ ಇರಬಾರದು. “ಹಾಡು ಗಾಳಿಯಿಂದ ಇಳಿಯೋಕೆ ಅಷ್ಟು ಹೊತ್ತು ಬೇಕು ಕಣ್ರೀ,” ಅನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ಆ ಹತ್ತು ಒಮ್ಮೆಯೂ ಪೂರ್ತಿ ಸಿಕ್ಕಿರಲಿಲ್ಲವಂತೆ.

ನನ್ನ ಮೊದಲ ಕಚೇರಿಗೆ ಬುಕಿತ್ ಬಾಟೋಕ್‌ನಿಂದ ನಮ್ಮ ಕನ್ನಡದವರು ಎರಡು ಸಾಲು ಬಂದಿದ್ದರು. ಮೇಷ್ಟ್ರು ಕೈ ಎತ್ತಿದ ಕೂಡಲೇ ಚಪ್ಪಾಳೆ ತಟ್ಟುವುದು ಈ ಸಂಗೀತದ ಪದ್ಧತಿ ಅಂತ ಅವರಿಗೆ ಗುಟ್ಟಾಗಿ ಹೇಳಿಕೊಟ್ಟೆ. ಹಾಡು ಶುರು ಮಾಡಿಸಲೂ ಕೈ ಎತ್ತಬೇಕಲ್ಲ, ಅದನ್ನು ಯೋಚಿಸಿರಲಿಲ್ಲ. ಸುಳ್ಳು ಯಾಕೆ, ಯೋಚಿಸಿದ್ದೆ.

ಮೇಷ್ಟ್ರು ಕೈ ಎತ್ತಿದರು, ಚಪ್ಪಾಳೆ. ಇಳಿಸಿದರು, ನಿಂತಿತು. ಎತ್ತಿದರು, ಇನ್ನೂ ಜೋರು. ನಾಲ್ಕನೇ ಸಲಕ್ಕೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಇಡೀ ಕಚೇರಿಯನ್ನು ಗದ್ದದಲ್ಲೇ ನಡೆಸಿದರು.

೨. ಆರನೇ ಮಹಡಿ

ನಾವು ಅಭ್ಯಾಸ ಮಾಡುತ್ತಿದ್ದ ಹಳೆಯ ಕಟ್ಟಡ ಕಾಂಡೋ ಕಟ್ಟುವವರ ಪಾಲಾಯಿತು. ಆಂಗ್ ಮೋ ಕಿಯೋದಲ್ಲಿ ಮೇಷ್ಟ್ರ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಅನ್ನುವ ಗೋಡೆಯಿಲ್ಲದ ನೆಲಮಹಡಿಗೆ ಬಂದೆವು. ಆ ಬ್ಲಾಕಿನಲ್ಲಿ ಮದುವೆಯಾದರೂ ಸಾವಾದರೂ ಕುರ್ಚಿ ಹಾಕುವುದು ಅಲ್ಲೇ. ನಾವು ಅಭ್ಯಾಸ ಮಾಡುತ್ತಿದ್ದದ್ದು ಒಂದು ಶೋಕಗೀತೆ.

ಒಬ್ಬ ಅಂಕಲ್ ಮೆಲ್ಲಗೆ ಬಂದು, ಯಾರು ಹೋದದ್ದು ಅಂತ ನನ್ನನ್ನು ಕೇಳಿದರು. ಆರನೇ ಮಹಡಿಯ ಸಂಗೀತ ಮೇಷ್ಟ್ರು ಅಂದುಬಿಟ್ಟೆ. ಬೆನ್ನು ತಿರುಗಿಸಿ ನಿಂತು ಹಾಡಿಸುತ್ತಿರುವವರೇ ಸತ್ತವರು ಅಂತ ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು?

ಸ್ವಲ್ಪ ಹೊತ್ತಿಗೆ ಮೂವತ್ತು ಜನ ಕೈ ಕಟ್ಟಿಕೊಂಡು ನಿಂತರು. ಹಾಡು ಮುಗಿಯಿತು. ಮೇಷ್ಟ್ರ ಕೈ ಮೇಲೇ ಇತ್ತು. ಒಂದು ಕೆಮ್ಮಿಲ್ಲ. ನಾನೂ ಎಣಿಸಿದೆ. ಐದು, ಆರು, ಏಳು. ಮೇಷ್ಟ್ರ ಕಣ್ಣು ತುಂಬಿತ್ತು. ಅಷ್ಟರಲ್ಲಿ ಲಿಫ್ಟ್ ತೆರೆಯಿತು. ಯಾರೋ ಕೊಟ್ಟ ಬಿಳಿ ಹೂವು ಹಿಡಿದು ಅವರ ಹೆಂಡತಿ ಬಂದರು.

“ರೀ, ನೀವು ಸತ್ತುಹೋದ್ರಂತೆ. ಊಟಕ್ಕೆ ಬರ್ತೀರೋ ಇಲ್ವೋ?”

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಕೈ ಇಳಿಸಲು ಮಾತ್ರ ಸ್ವಲ್ಪ ತಡ ಮಾಡಿದರು. ಈ ಭಾಗವನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ.

೩. ಚೀಲ

ಕೆಲಸದ ಅವಧಿ ಮುಗಿದು ಮೇಷ್ಟ್ರು ಮೈಸೂರಿಗೆ ಹೊರಟರು. ಕೊನೆಯ ಕಚೇರಿಯಲ್ಲಾದರೂ ಹತ್ತನ್ನು ಕೊಡಿಸಿಯೇ ತೀರುತ್ತೇನೆ ಅಂತ ಬಾಗಿಲಲ್ಲಿ ನಿಂತು, ಬಂದವರ ಫೋನುಗಳನ್ನೆಲ್ಲ ಬಟ್ಟೆ ಚೀಲಕ್ಕೆ ಹಾಕಿಸಿಕೊಂಡೆ. ಐನೂರು ಫೋನು. ಸರಿ, ಎಪ್ಪತ್ತು. ಚೀಲವನ್ನು ನನ್ನ ಕಾಲ ಬಳಿಯೇ ಇಟ್ಟುಕೊಂಡೆ. ಆಫ್ ಮಾಡಿಸುವುದು ಮರೆತಿತ್ತು. ನಿಜವಾಗಿ ಮರೆತಿತ್ತು; ಇದನ್ನು ಮಾತ್ರ ಯಾರೂ ನಂಬುವುದಿಲ್ಲ.

ಮೇಷ್ಟ್ರ ಎಣಿಕೆ ಮೂರಕ್ಕೆ ಬಂದಿರಬೇಕು, ಚೀಲ ಬಡಿದುಕೊಂಡಿತು. ಕೈ ಹಾಕಿ ಹುಡುಕಿದರೆ ಎಲ್ಲ ಒಂದೇ ಥರದ ಫೋನು. ಕೆದಕಿದಷ್ಟೂ ಉಳಿದವೂ ಕುಂಯ್‌ಗುಟ್ಟತೊಡಗಿದವು. ಮೇಷ್ಟ್ರು ಎತ್ತಿದ ಕೈ ಇಳಿಸದೆ, ತುಟಿ ಅಲುಗಿಸದೆ, “ಹೊತ್ಕೊಂಡು ಆಚೆ ಹೋಗ್ರೀ,” ಅಂದರು.

ಅಳುವ ಕೂಸಿನ ಹಾಗೆ ಚೀಲವನ್ನು ಎದೆಗವಚಿಕೊಂಡು ಬಾಗಿಲವರೆಗೆ ನಡೆದೆ. ದಾರಿಯುದ್ದಕ್ಕೂ ಚಪ್ಪಾಳೆ. ಇದೂ ನಾನೂರು ವರ್ಷದ ಪದ್ಧತಿ ಇರಬೇಕು ಅಂದುಕೊಂಡರು ಜನ.

೪. ಒಂದು ಕರೆ

ಮೇಷ್ಟ್ರು ಹೋದ ಮೇಲೆ ವೃಂದ ಚದುರಿತು. ನನ್ನನ್ನು ಕನ್ನಡದಲ್ಲಿ ಬೈಯುವವರು ಮನೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿಯಲಿಲ್ಲ. ಧೈರ್ಯ ಮಾಡಲು ಒಂದು ವರ್ಷ ಹಿಡಿಯಿತು. ಒಂದು ಭಾನುವಾರ ಮೈಸೂರಿಗೆ ಫೋನ್ ಹಚ್ಚಿ, ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದೆ. ಚಪ್ಪಾಳೆ ಹೇಳಿಕೊಟ್ಟವನು ನಾನು, ಆರನೇ ಮಹಡಿ ಅಂದವನೂ ನಾನು, ಚೀಲವೊಂದು ಮಾತ್ರ ಬೇಕಂತ ಮಾಡಿದ್ದಲ್ಲ, ನಿಮ್ಮ ಹತ್ತನ್ನು ನಾನೇ ತಿಂದೆ, ಕ್ಷಮಿಸಿ.

ಆ ಕಡೆಯಿಂದ ಮಾತಿಲ್ಲ. ಕಾದೆ. ಕೋಪ ಬಂದಿರಬೇಕು ಅಂದುಕೊಂಡೆ. ಇನ್ನೂ ಕಾದೆ. ಒಂದು ಉಸಿರೂ ಕೇಳಲಿಲ್ಲ. ಕೊನೆಗೆ ತಡೆಯಲಾಗಲಿಲ್ಲ.

“ಮೇಷ್ಟ್ರೇ, ಲೈನಿನಲ್ಲಿದ್ದೀರಾ?”

“ಥೂ,” ಅಂದರು ಮೇಷ್ಟ್ರು. “ಒಂಬತ್ತಕ್ಕೆ ಬಂದಿದ್ದೆ ಕಣ್ರೀ.”